ಬೀಗ ಹಾಕಿದ ಅಂಗಡಿಗೆ ಬಂದ ಸಮನ್ಸ್

ಆ ಸಂಜೆ ಕೆಲಸ ಮುಗಿಸಿ ಮನೆಗೆ ಬಂದಾಗ ಕೋರ್ಟಿನ ಅಮೀನರು ಗೇಟಿನ ಹತ್ತಿರ ನಿಂತಿದ್ದರು. ನನ್ನ ಹೆಸರು ಕೇಳಿದರು, ಸಹಿ ಹಾಕಿಸಿಕೊಂಡರು, ಒಂದು ನೋಟೀಸು ಕೊಟ್ಟು ಹೋದರು. ಓದಿದರೆ ನನ್ನ ಹೆಸರಿನ ಮುಂದೆ ‘ಜಡ್ಜ್‌ಮೆಂಟ್ ಡೆಟ್ಟರ್’ ಅಂತ ಇತ್ತು, ಅಂದರೆ ಕೋರ್ಟಿನ ತೀರ್ಪಿನ ಪ್ರಕಾರ ದುಡ್ಡು ಕೊಡಬೇಕಾದವಳು. ನಾಲ್ಕು ವರ್ಷದ ಹಿಂದೆಯೇ ನನ್ನ ಮೇಲೆ ಡಿಕ್ರಿ, ಅಂದರೆ ಸಾಲ ಕಟ್ಟಬೇಕು ಅನ್ನುವ ಕೋರ್ಟಿನ ಆದೇಶ, ಆಗಿತ್ತು. ಕೇಸು ನಡೆದಿದ್ದೇ ನನಗೆ ಗೊತ್ತಿರಲಿಲ್ಲ.

ಸಾಲ ಮಾತ್ರ ಚೆನ್ನಾಗಿ ಗೊತ್ತಿತ್ತು. ಹೊಲಿಗೆ ಅಂಗಡಿ ಇಡಲು ಒಂದು ಫೈನಾನ್ಸ್ ಕಂಪನಿಯಿಂದ ತೆಗೆದುಕೊಂಡಿದ್ದೆ. ಅಂಗಡಿ ನಡೆಯಲಿಲ್ಲ. ಒಂದಷ್ಟು ಕಂತು ಕಟ್ಟಿದೆ, ಆಮೇಲೆ ನಿಂತುಹೋಯಿತು. ಬಾಗಿಲು ಮುಚ್ಚಿ, ಮನೆ ಬದಲಾಯಿಸಿ, ಬೇರೆ ಕಡೆ ಕೆಲಸಕ್ಕೆ ಸೇರಿದೆ. ಮೂರು ವರ್ಷ ಕಳೆದರೆ ಸಾಲ ಸತ್ತ ಹಾಗೆ ಅಂತ ಯಾರೋ ಹೇಳಿದ್ದರು. ನಂಬಿದೆ. ನಂಬುವುದು ಸುಲಭವಾಗಿತ್ತು, ಅದಕ್ಕೇ ನಂಬಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಜೈಲಿಗೆ ಹಾಕುತ್ತಾರಾ? ಸಂಬಳ ಪೂರ್ತಿ ಹಿಡಿಯುತ್ತಾರಾ? ಮೂಲೆಯಲ್ಲಿದ್ದ ಹೊಲಿಗೆ ಮೆಷಿನ್ ಹೊತ್ತುಕೊಂಡು ಹೋಗುತ್ತಾರಾ? ಗಂಡನಿಗೆ ಬೆಳಿಗ್ಗೆ ಹೇಳಿದೆ. ಅವರು ನೋಟೀಸನ್ನು ಎರಡು ಸಲ ಓದಿ, "ಮೊದಲು ಯಾರಾದರೂ ವಕೀಲರ ಹತ್ತಿರ ಹೋಗೋಣ" ಅಂದರು, ಅಷ್ಟೇ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವುದೇ ನನ್ನ ಚಿಂತೆಯಾಗಿತ್ತು. ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇತ್ತು. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಆದಾಯ ಎಷ್ಟಿದೆ ಅಂತಲೂ ನೋಡುವುದಿಲ್ಲ. ಇದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನನಗೆ ಸಿಕ್ಕಿದವರು ವಯಸ್ಸಾದ ಒಬ್ಬ ಮೇಡಂ. ನನ್ನ ಮುಖ ನೋಡಿಯೇ ಶುರು ಮಾಡಿದರು.

"ನೋಡಮ್ಮ, ಮೊದಲು ಹೆದರಿಕೆ ಬಿಡು. ದುಡ್ಡಿನ ಡಿಕ್ರಿಗೆ ಹೆಂಗಸರನ್ನು ಅರೆಸ್ಟ್ ಮಾಡುವ ಹಾಗೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂನಲ್ಲೇ ಇದೆ."

"ಗಂಡಸರಾಗಿದ್ದರೆ?"

"ಅವರನ್ನೂ ಬರೀ ಕೈಯಲ್ಲಿ ಕಾಸಿಲ್ಲ ಅನ್ನೋದಕ್ಕೆ ಒಳಗೆ ಹಾಕೋಕಾಗಲ್ಲ. ಇದ್ದೂ ಕೊಡದೆ ಮೋಸ ಮಾಡಿದರೆ ಆ ಮಾತು ಬೇರೆ. 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು."

ಸಂಬಳದ ಲೆಕ್ಕವನ್ನೂ ಬಿಡಿಸಿ ಹೇಳಿದರು. ಮೊದಲ 1000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. ಹಾಕಿಕೊಳ್ಳುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಗಳ ಉಪಕರಣ, ಇವೂ ಜಪ್ತಿಗೆ ಬರುವುದಿಲ್ಲ. ಮೂರು ವರ್ಷದ ಮಾತು ಕೇಳಿದಾಗ ಮಾತ್ರ ತಲೆ ಅಲ್ಲಾಡಿಸಿದರು. ಮೂರು ವರ್ಷ ಅನ್ನುವುದು ದಾವೆ ಹಾಕುವುದಕ್ಕೆ. ಕಂಪನಿಯವರು ಅದರೊಳಗೇ ಹಾಕಿದ್ದರು. ಒಂದು ಸಲ ಡಿಕ್ರಿ ಆದರೆ 12 ವರ್ಷದವರೆಗೆ ಅದನ್ನು ಅಮಲ್ಜಾರಿ ಮಾಡಿಸಬಹುದು, ಅಂದರೆ ಕೋರ್ಟಿನ ಮೂಲಕ ಜಾರಿಗೆ ತಂದು ವಸೂಲಿ ಮಾಡಿಸಬಹುದು.

ಫೈಲಿನ ನಕಲು ತೆಗೆಸಿದಾಗ ನಡೆದದ್ದು ಗೊತ್ತಾಯಿತು. ಸಮನ್ಸ್ ನನ್ನ ಹಳೆ ಅಂಗಡಿಯ ವಿಳಾಸಕ್ಕೆ ಹೋಗಿತ್ತು. ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ್ದರು. ನಾನು ಬರಲಿಲ್ಲ ಅಂತ ಏಕಪಕ್ಷೀಯವಾಗಿ ತೀರ್ಪು ಕೊಟ್ಟಿದ್ದರು. ಓದುತ್ತಾ ಓದುತ್ತಾ ನನಗೆ ಸಿಟ್ಟು ಬಂತು. ನನ್ನ ಮಾತು ಕೇಳದೆಯೇ ಎಲ್ಲ ಮುಗಿಸಿದ್ದಾರಲ್ವಾ! ಇದನ್ನು ರದ್ದು ಮಾಡಿಸಿ ಅಂದೆ.

"ಮಾಡಿಸಬಹುದು. ಸಮನ್ಸ್ ಸರಿಯಾಗಿ ಮುಟ್ಟಿಲ್ಲ ಅಂದರೆ ಡಿಕ್ರಿ ವಿಷಯ ತಿಳಿದ ದಿನದಿಂದ 30 ದಿನ ಟೈಮಿದೆ. ರದ್ದಾದರೆ ಕೇಸು ಮತ್ತೆ ಮೊದಲಿಂದ ನಡೆಯುತ್ತೆ. ಆಗ ಕೋರ್ಟಿನಲ್ಲಿ ಏನು ಹೇಳ್ತೀಯ? ಸಾಲ ತಗೊಂಡಿದ್ದು ನಿಜ ತಾನೆ?"

ನನಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ಸಾಲ ನಿಜ. ಸಹಿ ನನ್ನದೇ. ಅಂಗಡಿ ಮುಚ್ಚಿದಾಗ ಒಂದು ಸಾಲು ಬರೆದು ಹೊಸ ವಿಳಾಸ ತಿಳಿಸಬಹುದಿತ್ತು, ತಿಳಿಸಲಿಲ್ಲ. ಅವರಿಂದ ತಪ್ಪಿಸಿಕೊಳ್ಳಬೇಕು ಅಂತಲೇ ಸುಮ್ನಿದ್ದೆ. "ನಿಜ ಮೇಡಂ" ಅಂದೆ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಎದೆಯ ಭಾರ ಸ್ವಲ್ಪ ಇಳಿಯಿತು.

ಮನೆಗೆ ಬಂದು ಹಳೆ ದಾರದುಂಡೆಗಳ ಡಬ್ಬಿ ತೆಗೆದೆ. ಕಟ್ಟಿದ ಕಂತುಗಳ ರಸೀದಿ ಅದರಲ್ಲೇ ಇದ್ದವು. ಕಂಪನಿಯ ಲೆಕ್ಕಕ್ಕೆ ತಾಳೆ ಹಾಕಿದರೆ ಎರಡು ಕಂತು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಅಮಲ್ಜಾರಿ ಕೋರ್ಟು ಡಿಕ್ರಿಯಲ್ಲಿ ಬರೆದಷ್ಟನ್ನೇ ನೋಡುತ್ತದೆ, ಹಿಂದಿನ ಲೆಕ್ಕ ಕೆದಕುವುದಿಲ್ಲ. ಹಾಗಾಗಿ ಮೇಡಂ 30 ದಿನದೊಳಗೆ ರದ್ದತಿ ಅರ್ಜಿಯನ್ನೂ ಹಾಕಿಸಿದರು, ಲೋಕ ಅದಾಲತ್‌ನಲ್ಲಿ ರಾಜಿಗೆ ನಾವು ತಯಾರು ಅಂತಲೂ ಹೇಳಿದರು.

ಅದಾಲತ್‌ನ ದಿನ ಕಂಪನಿಯ ವಕೀಲರ ಎದುರು ಆ ಎರಡು ರಸೀದಿ ಇಟ್ಟೆ. ಕೈ ನಡುಗುತ್ತಿತ್ತು. ಅವರು ತಿರುಗಿಸಿ ನೋಡಿ ಒಪ್ಪಿಕೊಂಡರು. ಅಸಲು ಪೂರ್ತಿ ಕೊಡುತ್ತೇನೆ, ಬಡ್ಡಿಯಲ್ಲಿ ಬಿಡಿ, ಒಟ್ಟಿಗೆ ಕಟ್ಟಲು ಆಗುವುದಿಲ್ಲ ಅಂದೆ. ಸಾಕಷ್ಟು ಚೌಕಾಸಿಯಾದ ಮೇಲೆ ಹತ್ತು ಕಂತಿಗೆ ಬಂದು ನಿಂತಿತು. ಸಹಿ ಹಾಕುವ ಮುಂಚೆ ಮೇಡಂ ಇನ್ನೊಮ್ಮೆ ಕೇಳಿದರು: "ಪ್ರತಿ ತಿಂಗಳು ಆಗುತ್ತಾ? ಇದರ ಮೇಲೆ ಅಪೀಲು ಇಲ್ಲ." ತಿಂಗಳ ಖರ್ಚನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ, ಆಗುತ್ತೆ ಅಂದೆ.

ಮೂರನೇ ಕಂತಿನ ಹೊತ್ತಿಗೆ ವಸೂಲಿಯವನೊಬ್ಬ ಫೋನ್ ಮಾಡಿದ. ತನ್ನ ಖಾತೆಗೇ ಹಾಕಿದರೆ ಬೇಗ ಕ್ಲೋಸ್ ಮಾಡಿಸುತ್ತಾನಂತೆ. ಮೇಡಂ ಸಿಟ್ಟಾದರು. ಕೋರ್ಟಿನ ಹೊರಗೆ ಕೊಟ್ಟ ದುಡ್ಡು ಕೋರ್ಟಿನ ದಾಖಲೆಗೆ ಏರದಿದ್ದರೆ ಅಮಲ್ಜಾರಿಯಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂದರು. ಅಂದಿನಿಂದ ಪ್ರತಿ ಕಂತನ್ನೂ ಕಂಪನಿಯ ಖಾತೆಗೇ ಹಾಕಿ, ಬ್ಯಾಂಕಿನ ಚೀಟಿಯ ನಕಲನ್ನು ಮೇಡಂ ಕೈಗೆ ಕೊಟ್ಟು ಬರುತ್ತಿದ್ದೆ.

ಹತ್ತನೇ ಕಂತು ಆದ ಮೇಲೆ ಮೇಡಂ ಎಲ್ಲ ಕಟ್ಟಿಯಾಗಿದೆ ಅಂತ ಕೋರ್ಟಿಗೆ ಬರೆದು ಮೆಮೊ ಹಾಕಿದರು. ನ್ಯಾಯಾಧೀಶರು ಕಂಪನಿಯ ವಕೀಲರನ್ನು ಕೇಳಿದರು, "ಎಲ್ಲ ಮುಟ್ಟಿದೆಯಾ?" ಅವರು ಮುಟ್ಟಿದೆ ಅಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ನನಗೆ ಅಲ್ಲಿಂದ ಏಳಲು ಸ್ವಲ್ಪ ಹೊತ್ತು ಬೇಕಾಯಿತು.

ಆ ಆದೇಶದ ನಕಲು ಬೇಕು ಅಂತ ಕೆಳಗಿನ ವಿಭಾಗಕ್ಕೆ ಹೋಗಿ ಅರ್ಜಿ ತುಂಬಿದೆ. ವಿಳಾಸದ ಜಾಗದಲ್ಲಿ ಈಗಿರುವ ಮನೆಯದನ್ನು, ಬಾಗಿಲ ನಂಬರಿನ ಸಮೇತ, ದಪ್ಪ ಅಕ್ಷರದಲ್ಲಿ ಬರೆದೆ.