'ಹೋದಲಿಲ್ಲ' ಅಂತ ಯಾರೂ ಅನ್ನುವುದಿಲ್ಲ

23 ಅಕ್ಟೋಬರ್ 2024, ಬುಧವಾರ

ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಇಂಗ್ಲಿಷ್ ಇಂಟರ್ನಲ್ಸ್ ಪತ್ರಿಕೆಗಳ ಕಟ್ಟು ತಿದ್ದುವುದು ಇವತ್ತಿಗೆ ಮುಗಿಯಿತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಒಮ್ಮೆಲೇ ಇಂಗ್ಲಿಷಿಗೆ ಬಿದ್ದವರ ತಪ್ಪುಗಳಿಗೆ ಒಂದು ಜಾಡು ಇರುತ್ತದೆ. ಹತ್ತು ಪತ್ರಿಕೆ ನೋಡಿದರೆ ಹನ್ನೊಂದನೆಯದರಲ್ಲಿ ಏನಿದೆ ಅಂತ ನೋಡದೆಯೇ ಹೇಳಬಹುದು. ಒಳಗೆ ಕೂತು ವಾಕ್ಯ ಕಟ್ಟುತ್ತಿರುವುದು ಕನ್ನಡ. ಅದು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಕಟ್ಟುತ್ತಿರುತ್ತದೆ.

ಪ್ರತಿ ಕಟ್ಟಿನಲ್ಲೂ ಸಿಗುವುದು 'ಐ ಡಿಡ್ ನಾಟ್ ವೆಂಟ್'. 'ಡಿಡ್ ಬಂದರೆ ವಿ-ಒನ್', ಅಂದರೆ ಕ್ರಿಯಾಪದದ ಮೂಲ ರೂಪ, ಅನ್ನುವ ಸೂತ್ರ ಎಲ್ಲರಿಗೂ ಬಾಯಿಪಾಠ, ಬರೆಯುವಾಗ ಮಾತ್ರ ನೆನಪಿಗೆ ಬರುವುದಿಲ್ಲ. ಸೂತ್ರ ಬಿಟ್ಟು ಕನ್ನಡದಲ್ಲೇ ಕೇಳಿ ನೋಡಬೇಕು: 'ಹೋದೆ' ಅನ್ನುವುದಕ್ಕೆ 'ಇಲ್ಲ' ಸೇರಿಸಿದರೆ ಏನಾಗುತ್ತದೆ? ಹೋಗಲಿಲ್ಲ. 'ಹೋದಲಿಲ್ಲ' ಅಂತ ಯಾರೂ ಅನ್ನುವುದಿಲ್ಲ. ನಡೆದುಹೋದದ್ದನ್ನು ಹೇಳುವ ಹೊರೆ 'ಅಲಿಲ್ಲ' ಹೊತ್ತುಕೊಂಡಮೇಲೆ ಕ್ರಿಯಾಪದ ಬರಿಗೈಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಆ ಹೊರೆ ಹೊರುವುದು 'ಡಿಡ್', ಹಾಗಾಗಿ 'ಡಿಡ್ ನಾಟ್ ಗೋ'. ಬಂದೆ-ಬರಲಿಲ್ಲ, ತಿಂದೆ-ತಿನ್ನಲಿಲ್ಲ, ಕೊಟ್ಟೆ-ಕೊಡಲಿಲ್ಲ, ಇಟ್ಟೆ-ಇಡಲಿಲ್ಲ. ಇಂಥ ಹತ್ತು ಜೋಡಿ ಎಡಗಡೆ, ಅವುಗಳ ಇಂಗ್ಲಿಷ್ ಬಲಗಡೆ ಬರೆದು ಜೋರಾಗಿ ಓದಿಸಿದರೆ ವಾರದೊಳಗೆ 'ಡಿಡ್ ನಾಟ್ ವೆಂಟ್' ಕಡಿಮೆಯಾಗುತ್ತದೆ. ಆದರೆ ಪ್ರಶ್ನೆಯಲ್ಲಿ ಈ ಉಪಾಯ ಕೈಕೊಡುತ್ತದೆ. 'ಹೋದೆಯಾ?' ಅನ್ನುವಾಗ ಕನ್ನಡ 'ಹೋದ' ರೂಪವನ್ನೇ ಇಟ್ಟುಕೊಳ್ಳುತ್ತದಲ್ಲ! ಹಾಗಾಗಿ 'ಡಿಡ್ ಯು ವೆಂಟ್' ಇನ್ನೂ ಕೆಲವು ತಿಂಗಳು ಉಳಿದೇ ಉಳಿಯುತ್ತದೆ. ಅದಕ್ಕೆ ಬೇರೆ ಅಭ್ಯಾಸ ಬೇಕು, ಎರಡನ್ನೂ ಒಂದೇ ದಿನ ಕಲಿಸಬಾರದು.

ಎರಡನೆಯ ತೊಡಕು 'ನನಗೆ'. ನನಗೆ ಗೊತ್ತಿದೆ, ನನಗೆ ಜ್ವರ ಇದೆ, ನನಗೆ ಇಬ್ಬರು ತಂಗಿಯರಿದ್ದಾರೆ, ನನಗೆ ಭಯ. ಕನ್ನಡದಲ್ಲಿ ನಾಲ್ಕೂ ಒಂದೇ ಅಚ್ಚಿನವು. ಇಂಗ್ಲಿಷಿನಲ್ಲಿ ಕ್ರಮವಾಗಿ ಐ ನೋ, ಐ ಹ್ಯಾವ್, ಐ ಹ್ಯಾವ್, ಐ ಆಮ್ ಅಫ್ರೇಡ್. 'ಗೊತ್ತಿದೆ'ಯ 'ಇದೆ'ಗೆ ಸಮನಾಗಿ ಏನಾದರೂ ಬೇಕು ಅನ್ನಿಸಿಯೇ 'ಐ ಆಮ್ ನೋಯಿಂಗ್' ಹುಟ್ಟುವುದು. ಇಲ್ಲಿ ತರ್ಕ ನಡೆಯುವುದಿಲ್ಲ. 'ನನಗೆ' ಇಂದ ಶುರುವಾಗುವ ಇಪ್ಪತ್ತು ವಾಕ್ಯಗಳ ಪಟ್ಟಿ ಮಾಡಿ ರೂಢಿ ಮಾಡಿಕೊಳ್ಳುವುದೊಂದೇ ದಾರಿ.

ಎ, ಆನ್ ಅನ್ನುವ ಆರ್ಟಿಕಲ್‌ಗಳ ವಿಷಯ. ವ್ಯಂಜನದ ಸದ್ದಿನ ಮುಂದೆ ಎ, ಸ್ವರದ ಸದ್ದಿನ ಮುಂದೆ ಆನ್. 'ಅಕ್ಷರ ನೋಡಬೇಡಿ, ಸದ್ದು ಕೇಳಿ' ಅಂತ ಹೇಳುವುದೇನೋ ಸರಿ: ಎ ಯೂನಿವರ್ಸಿಟಿ, ಆನ್ ಅವರ್. ಆದರೆ ನಮ್ಮ ಬಾಯಲ್ಲಿ 'ಎಲ್ಲಿ' ಅನ್ನುವುದೇ 'ಯೆಲ್ಲಿ', 'ಒಂದು' ಅನ್ನುವುದೇ 'ವೊಂದು'. ಎಗ್ ಅನ್ನುವುದನ್ನು 'ಯೆಗ್' ಅಂತ, ಎಮ್ಮೆಲ್ಲೆಯನ್ನು 'ಯೆಮ್ಮೆಲ್ಲೆ' ಅಂತ ಕೇಳಿಸಿಕೊಳ್ಳುವ ಕಿವಿಗೆ 'ಎ ಯೆಗ್' ನಿಯಮದ ಪ್ರಕಾರವೇ ಸರಿ! ಮೊದಲು ಆ ಯಕಾರ ವಕಾರಗಳನ್ನು ಕಳಚಬೇಕು, ಆಮೇಲೆ ಆರ್ಟಿಕಲ್.

ಓದುವುದರಲ್ಲಿ ಎಡವುವ ಜಾಗವೇ ಬೇರೆ. ಟೆಕ್ಸ್ಟ್‌ಬುಕ್ಕಿನ ಪಾರಿಭಾಷಿಕ ಪದಗಳು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಸ್ಮೋಸಿಸ್ ಅಂದರೇನು ಅಂತ ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಾರೆ. ಅಸ್ಯೂಮ್, ಡಿರೈವ್, ಇಂಡಿಕೇಟ್, ಸಿಗ್ನಿಫಿಕಂಟ್ ಇವುಗಳ ಅರ್ಥವನ್ನು ಯಾವ ಪೀರಿಯಡ್ಡಿನಲ್ಲೂ ಯಾರೂ ಹೇಳುವುದಿಲ್ಲ. ಎಲ್ಲ ವಿಷಯಗಳಲ್ಲೂ ಬರುವ ಇಂಥ ಪದಗಳನ್ನು ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪಟ್ಟಿ ಮಾಡಿದ್ದಾರೆ. ಒಟ್ಟು 570 ಪದಕುಟುಂಬಗಳು (ಒಂದು ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಹತ್ತು ಭಾಗ: ಮೊದಲ ಒಂಬತ್ತರಲ್ಲಿ 60ರಂತೆ, ಕೊನೆಯದರಲ್ಲಿ 30. ಮೇಲಿನ ನಾಲ್ಕೂ ಪದ ಮೊದಲ ಅರವತ್ತರಲ್ಲೇ ಇವೆ. ದಿನಕ್ಕೆ ಐದು ಅಂದರೆ 114 ದಿನ, ಹೆಚ್ಚುಕಡಿಮೆ ಒಂದು ಸೆಮಿಸ್ಟರು. ಪದ ಮತ್ತು ಅರ್ಥ ಅಂತ ಎರಡು ಸಾಲಿನ ಪಟ್ಟಿ ಬೇಡ. ಆ ಪದ ತಮ್ಮದೇ ಫಿಸಿಕ್ಸ್ ಪುಸ್ತಕದಲ್ಲಿ ಬಂದ ವಾಕ್ಯವನ್ನೇ ಎತ್ತಿ ಬರೆದುಕೊಳ್ಳಲಿ.

ಪದ ಗೊತ್ತಿದ್ದೂ ವಾಕ್ಯ ಒಡೆಯದಿರುವುದುಂಟು. 'ದ ಹೀಟ್ ರಿಲೀಸ್ಡ್ ವೆನ್ ಆನ್ ಆಸಿಡ್ ರಿಯಾಕ್ಟ್ಸ್ ವಿತ್ ಎ ಬೇಸ್ ಡಿಪೆಂಡ್ಸ್ ಆನ್ ದ ಅಮೌಂಟ್ ಟೇಕನ್.' ಇದನ್ನು 'ಶಾಖ ಬಿಡುಗಡೆ ಮಾಡಿತು' ಅಂತ ಓದಿ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಕನ್ನಡದಲ್ಲಿ ವಿಶೇಷಣ ನಾಮಪದದ ಮುಂದೆ ನಡೆಯುತ್ತದೆ, 'ಹೊರಬರುವ ಶಾಖ'. ಇಂಗ್ಲಿಷಿನಲ್ಲಿ ಇಂಥ ಉದ್ದದ ವಿಶೇಷಣ ನಾಮಪದ ಆದಮೇಲೆ ಬರುತ್ತದೆ. ಪೆನ್ಸಿಲ್ ಹಿಡಿದು 'ರಿಲೀಸ್ಡ್' ಇಂದ 'ಬೇಸ್' ತನಕ ಕಂಸ ಹಾಕಿದರೆ ಉಳಿಯುವುದು 'ದ ಹೀಟ್ ಡಿಪೆಂಡ್ಸ್'. ಮೊದಲು ಅದನ್ನು ಅರ್ಥ ಮಾಡಿಕೊಂಡು ಆಮೇಲೆ ಕಂಸದೊಳಕ್ಕೆ ಹೋಗಬೇಕು.

ಮಾತಿಗೆ ಲ್ಯಾಬಿಗಿಂತ ಒಳ್ಳೆಯ ಜಾಗ ಇಲ್ಲ, ಸ್ಪೋಕನ್ ಇಂಗ್ಲಿಷ್ ಗೈಡಿನ 'ಹೌ ಆರ್ ಯು' ಸಂಭಾಷಣೆ ಯಾರಿಗೆ ಬೇಕು? ರೆಕಾರ್ಡ್ ಪುಸ್ತಕದಲ್ಲಿ ಮ್ಯಾನ್ಯುಯಲ್ ನೋಡಿ ನಕಲು ಮಾಡಿದ ವಾಕ್ಯ ಶುದ್ಧವಾಗಿರುತ್ತದೆ, ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, 'ಏನು ಮಾಡಿದೆ ಹೇಳು' ಅಂದರೆ ಬಾಯಿ ಕಟ್ಟುತ್ತದೆ. ಆಮ್ಲದ ಪ್ರಮಾಣ ಅಳೆಯುವ ಟೈಟ್ರೇಶನ್ ಪ್ರಯೋಗದಲ್ಲಿ ಐದು ಕೆಲಸ: ನಲ್ಲಿಯಿರುವ ಅಳತೆಯ ಕೊಳವೆ ಬ್ಯುರೆಟ್ಟಿಗೆ ಸೋಡಿಯಂ ಹೈಡ್ರಾಕ್ಸೈಡ್ ತುಂಬುವುದು, ಪಿಪೆಟ್ಟಿನಿಂದ 10 ಎಂ.ಎಲ್. ಹೈಡ್ರೋಕ್ಲೋರಿಕ್ ಆಮ್ಲ ಫ್ಲಾಸ್ಕಿಗೆ ಬಿಡುವುದು, ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ಥಲೀನ್ ಎರಡು ಹನಿ, ತಿಳಿ ಗುಲಾಬಿ ಬಣ್ಣ ನಿಲ್ಲುವವರೆಗೆ ಬ್ಯುರೆಟ್ಟಿನಿಂದ ಹನಿಸುವುದು, ರೀಡಿಂಗ್ ಬರೆದುಕೊಳ್ಳುವುದು. ಪಕ್ಕದವನು 'ಫಿಲ್ ದ ಬ್ಯುರೆಟ್' ಅಂತ ಹೇಳಬೇಕು, ಮಾಡುವವನು 'ಐ ಆಮ್ ಫಿಲ್ಲಿಂಗ್' ಅನ್ನುತ್ತಾ ತುಂಬಬೇಕು, ಮುಗಿದಮೇಲೆ 'ಐ ಫಿಲ್ಡ್'. ಸಂಜೆ ರೆಕಾರ್ಡ್ ಬರೆಯುವಾಗ 'ವಾಸ್ ಫಿಲ್ಡ್', ಅಂದರೆ ನಮ್ಮ 'ತುಂಬಲಾಯಿತು'. ಒಂದೇ ಕೆಲಸ ನಾಲ್ಕು ರೂಪದಲ್ಲಿ, ಕೈಯಲ್ಲಿ ವಸ್ತು ಇರುವಾಗಲೇ. ಇಲ್ಲಿ ಕೇಳಿಸುವ ತಪ್ಪು ಉಚ್ಚಾರಣೆಯದು, ಎಲ್ಲಕ್ಕೂ 'ಎಡ್' ಹಚ್ಚಿ 'ಫಿಲ್ಲೆಡ್', 'ವಾಷೆಡ್' ಅನ್ನುವುದು. ಟ್ ಅಥವಾ ಡ್ ಸದ್ದಿನಿಂದ ಮುಗಿಯುವ ಆ್ಯಡ್, ನೋಟ್, ರಿಪೀಟ್ ಇಂಥವಕ್ಕೆ ಮಾತ್ರ ಆ ಹೆಚ್ಚಿನ ಸ್ವರ. ವಾಷ್ ಅನ್ನುವುದು 'ವಾಷ್ಟ್'.

ನಾಳೆ ಮೂರನೇ ಪೀರಿಯಡ್ಡಿಗೆ: ಹೋಗಲಿಲ್ಲ-ಬರಲಿಲ್ಲ ಹತ್ತು ಜೋಡಿ ಬೋರ್ಡಿನ ಮೇಲೆ. ಪತ್ರಿಕೆ ವಾಪಸ್ ಕೊಡುವುದು ಆಮೇಲೆ. ಅಂಕ ಕಂಡಮೇಲೆ ಬೋರ್ಡಿನ ಕಡೆ ಯಾರೂ ನೋಡುವುದಿಲ್ಲ.