ಗಟ್ಟಿಗಿತ್ತಿ ಅನ್ನುವ ಮಾತು

ಭಾನುವಾರ, 16 ನವೆಂಬರ್ 2025

ಬೆಳಿಗ್ಗೆ ಅಕ್ಕನ ಫೋನ್ ಬಂತು. ಹದಿನೈದು ದಿನದ ಹಿಂದೆ ಅವಳಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೊಟ್ಟಿದ್ದೆ. ಅರ್ಧಕ್ಕೆ ನಿಲ್ಲಿಸಿದ್ದಾಳಂತೆ.

“ಇದನ್ನ ಯಾಕೆ ಕೊಟ್ಟೆ ನಂಗೆ?” ಎಂದಳು. ದನಿಯಲ್ಲಿ ಸಿಟ್ಟಿತ್ತು.

“ಚೆನ್ನಾಗಿಲ್ವಾ ಅಕ್ಕ?”

“ಚೆನ್ನಾಗಿದೆ. ಅದಕ್ಕೇ ಓದೋಕಾಗ್ತಿಲ್ಲ. ಏನೂ ಅರಿಯದ ಮಗು ಅದು. ಅವಳನ್ನ ಹಾಗೆ ಮಾಡಿದ್ದೂ ಅಲ್ಲದೆ, ಆಮೇಲೆ ಎಂಥಾ ಸಹನೆ, ಎಂಥಾ ಗಟ್ಟಿಗಿತ್ತಿ ಅಂತ ಹೊಗಳ್ತಾರಲ್ಲ. ಆ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಂಗೂ ಅದನ್ನೇ ಹೇಳ್ತಾರೆ. ಗಟ್ಟಿಗಿತ್ತಿ ಅಂದ್ಬಿಟ್ರೆ ಮುಗೀತು. ಏನಾದ್ರೂ ಬೇಕಾ ಅಂತ ಆಮೇಲೆ ಯಾರೂ ಕೇಳಲ್ಲ” ಎಂದಳು.

ಭಾವ ಹೋಗಿ ಏಳು ವರ್ಷವಾಯಿತು. ಮಕ್ಕಳಿಬ್ಬರನ್ನೂ ಅವಳೇ ದಡ ಮುಟ್ಟಿಸಿದಳು. ಆ ಮಾತನ್ನು ನಾನೂ ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರೀತಿಯಿಂದಲೇ ಹೇಳಿದ್ದು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಏನೂ ಮಾಡಲಾಗಲಿಲ್ಲ.

ಮಧ್ಯಾಹ್ನವೆಲ್ಲ ಕಪಾಟಿನ ಮುಂದೆ ನೆಲದ ಮೇಲೆ ಕೂತು ಕಳೆದೆ. ಹೆಣ್ಣುಮಕ್ಕಳ ಕಷ್ಟದ ಕಥೆಗಳನ್ನು ನಾನು ಮೂವತ್ತು ವರ್ಷದಿಂದ ಓದುತ್ತಿದ್ದೇನೆ. ಓದಿ ಮುಗಿಸಿದಾಗಲೆಲ್ಲ ಬಾಯಿಗೆ ಬರುವುದು ಅದೇ ನಾಲ್ಕು ಮಾತು: ಸಹನಾಮೂರ್ತಿ, ಭೂಮಿತೂಕದ ಹೆಣ್ಣು, ಕ್ಷಮಯಾ ಧರಿತ್ರಿ, ಗಟ್ಟಿಗಿತ್ತಿ. ಭೂಮಿಯನ್ನು ತುಳಿದರೂ ಅದು ಮಾತಾಡುವುದಿಲ್ಲ. ಹೆಣ್ಣನ್ನು ಅದಕ್ಕೆ ಹೋಲಿಸುವಾಗ ನಾವು ಯಾರ ಕಡೆ ನಿಂತು ಹೇಳುತ್ತಿದ್ದೇವೆ ಅನ್ನುವುದನ್ನು ನಾನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ.

‘ಫಣಿಯಮ್ಮ’ ಬಂದದ್ದು 1976ರಲ್ಲಿ. ಇಂದಿರಾ ತಮ್ಮದೇ ಮನೆತನದಲ್ಲಿ ಬಾಳಿದ ಹೆಣ್ಣುಮಗಳೊಬ್ಬಳ ಬದುಕನ್ನು ಕಾದಂಬರಿ ಮಾಡಿದರು. ಮಲೆನಾಡಿನ ತುಂಬು ಮನೆ. ಆಟವಾಡುವ ವಯಸ್ಸಿನಲ್ಲಿ ಮದುವೆ, ಬೆನ್ನಿಗೇ ಹುಡುಗ ಗಂಡನ ಸಾವು. ಮೈನೆರೆದ ಮೇಲೆ ತಲೆ ಬೋಳಿಸುತ್ತಾರೆ. ಆಮೇಲೆ ಅವಳು ಹಾಗೆಯೇ ಬದುಕುತ್ತಾಳೆ, ಹತ್ತಿಪ್ಪತ್ತು ವರ್ಷವಲ್ಲ, ಒಂದು ಶತಮಾನ. ಎಲ್ಲರ ಮನೆಯ ಕೆಲಸಕ್ಕೂ ಅವಳು ಬೇಕು. ತಾನು ಹೆರದವಳು ಬೇರೆಯವರ ಹೆರಿಗೆಗೆ ಆಸರೆಯಾಗುತ್ತಾಳೆ. ಅಕ್ಕ ನಿಲ್ಲಿಸಿದ್ದು ಇಲ್ಲೇ ಎಲ್ಲೋ ಇರಬೇಕು. ಇಲ್ಲಿಯವರೆಗೆ ಓದಿದರೆ ಸಿಟ್ಟು ಬರುವುದು ಸಹಜ. ಬರಲೇಬೇಕು.

ಆದರೆ ಆಮೇಲೆ ದಾಕ್ಷಾಯಣಿ ಬರುತ್ತಾಳೆ.

ಅವಳೂ ಎಳೆಯ ವಿಧವೆ. ಕಾಲ ಸ್ವಲ್ಪ ಮುಂದೆ ಹೋಗಿದೆ. ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಅವಳು ಹಟ ಹಿಡಿಯುತ್ತಾಳೆ. ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಆಗ ಎಲ್ಲರ ಕಣ್ಣೂ ಫಣಿಯಮ್ಮನ ಕಡೆ. ಅವಳು ಇಡೀ ಜೀವನ ಮಡಿ ತಪ್ಪದವಳು. ಯಾವ ಕಟ್ಟಳೆಯನ್ನೂ ಮೀರದವಳು. ಅವಳ ಮಾತಿಗೆ ತೂಕವಿದೆ. “ನಾನು ಮಾಡಿಸಿಕೊಳ್ಳಲಿಲ್ವಾ? ನಿಂದೇನು ದೊಡ್ಡದು?” ಎಂದು ಅವಳು ಕೇಳಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ನಮ್ಮ ಮನೆಗಳಲ್ಲೂ ಈ ಮಾತನ್ನು ಎಷ್ಟು ಸಲ ಕೇಳಿಲ್ಲ? ನಾವೆಲ್ಲ ಹೀಗೇ ಬಾಳಲಿಲ್ವಾ, ನಿಮಗೇನು ಬಂತು ಅನ್ನುವ ಮಾತು.

ಫಣಿಯಮ್ಮ ಅದನ್ನು ಹೇಳುವುದಿಲ್ಲ. ದಾಕ್ಷಾಯಣಿಯ ಪರ ನಿಲ್ಲುತ್ತಾಳೆ.

ಈ ಜಾಗವನ್ನು ನಾನು ಇವತ್ತು ಮೂರು ಸಲ ಓದಿದೆ. ತಾನು ಪಟ್ಟಿದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ, ಅದು ಮುಂದಿನವಳಿಗೆ ದಾಟದ ಹಾಗೆ ಅಡ್ಡ ನಿಲ್ಲುವ ಹೆಣ್ಣು ಅವಳು. ಅಷ್ಟು ವರ್ಷ ಅವಳು ತಡೆದುಕೊಂಡಳು ಅನ್ನುವುದಕ್ಕಿಂತ ಈ ಒಂದು ದಿನ ಅವಳು ಮಾಡಿದ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ತಡೆದುಕೊಳ್ಳುವುದರಲ್ಲಿ ಅವಳ ಆಯ್ಕೆ ಇರಲೇ ಇಲ್ಲ. ಇದರಲ್ಲಿ ಇತ್ತು.

ಹಾಗೆ ನೋಡುತ್ತಾ ಹೋದ ಹಾಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ದಾಕ್ಷಾಯಣಿಗೆ ಫಣಿಯಮ್ಮ ಇದ್ದಳು. ಚಿಕ್ಕವಳಿದ್ದಾಗ ಫಣಿಯಮ್ಮನಿಗೆ ಯಾರಿದ್ದರು?

ಅದೇ ಯೋಚನೆಯಲ್ಲಿ ನಂಜನಗೂಡು ತಿರುಮಲಾಂಬ ನೆನಪಾದರು. ಇವರು ಕಥೆಯ ಪಾತ್ರವಲ್ಲ. 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಬಂದ ಕಷ್ಟ ಫಣಿಯಮ್ಮನದೇ. ಆದರೆ ಇವರ ತಂದೆ ಮಗಳ ಓದಿಗೆ ಅಡ್ಡ ಬರಲಿಲ್ಲ, ಬೆಂಬಲಕ್ಕೆ ನಿಂತರು. 1913ರ ಹೊತ್ತಿಗೆ ಆ ಹೆಣ್ಣುಮಗಳು ‘ಸತಿಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದ್ದರು. ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆ ತಂದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಅವರನ್ನು ಈಗ ಕರೆಯುತ್ತೇವೆ. ಅವರ ಛಲ ಸಣ್ಣದಲ್ಲ. ಆದರೆ ಮನೆಯಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಜೊತೆಗಿದ್ದರು. ಅದನ್ನು ಬಿಟ್ಟು ಅವರ ಕಥೆ ಹೇಳಬಾರದು ಅನಿಸಿತು.

ರಾಸಸುಂದರಿ ದೇವಿಗೆ ಅದೂ ಇರಲಿಲ್ಲ. ಬಂಗಾಳಿಯ ಮೊದಲ ಆತ್ಮಕಥೆ ಬರೆದದ್ದು 19ನೇ ಶತಮಾನದ ಈ ಗೃಹಿಣಿ. ಹನ್ನೆರಡಕ್ಕೆ ಮದುವೆ, ಆಮೇಲೆ ಹನ್ನೆರಡು ಮಕ್ಕಳು. ಹೆಣ್ಣು ಓದಿದರೆ ಮನೆ ಹಾಳು ಅನ್ನುವ ಕಾಲ. ‘ಚೈತನ್ಯ ಭಾಗವತ’ವನ್ನು ತಾನೇ ಓದಬೇಕು ಅನ್ನುವ ಆಸೆ ಅವಳಿಗೆ. ಯಾರಿಗೂ ಕಾಣದ ಹಾಗೆ ಅದರಿಂದ ಒಂದು ಹಾಳೆ ಬಿಡಿಸಿಕೊಂಡು ಅಡುಗೆಮನೆಯಲ್ಲಿ ಬಚ್ಚಿಟ್ಟಳು. ಮಗ ಅಕ್ಷರ ತಿದ್ದಿದ ತಾಳೆಗರಿಯನ್ನೂ ಎತ್ತಿಟ್ಟುಕೊಂಡಳು. ಚಿಕ್ಕಂದಿನಲ್ಲಿ ಗಂಡುಮಕ್ಕಳು ಕಲಿಯುವಾಗ ಕಿವಿಗೆ ಬಿದ್ದಿದ್ದ ಅಕ್ಷರಗಳನ್ನು ನೆನಪು ಮಾಡಿಕೊಂಡು ಒಂದಕ್ಕೊಂದು ಹೊಂದಿಸಿ ನೋಡಿದಳು. ಕೆಲಸ ಮುಗಿಯುವುದೇ ಇಲ್ಲ, ಅದರ ನಡುವೆ. ಯಾರಾದರೂ ನೋಡಿಬಿಟ್ಟರೆ ಅನ್ನುವ ಹೆದರಿಕೆ ಬೇರೆ. ಆ ಒಂದು ಹಾಳೆಯಿಂದ ಓದು ಕಲಿತಳು.

ಈ ಪ್ರಸಂಗ ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಜೊತೆಗೆ ಇವತ್ತು ಬೇಜಾರೂ ಆಯಿತು. ಒಂದು ಪುಸ್ತಕ ಓದುವುದಕ್ಕೆ ಒಬ್ಬ ತಾಯಿ ಕಳ್ಳಿಯ ಹಾಗೆ ನಡುಗಬೇಕಾಯಿತಲ್ಲ. ಅವಳನ್ನು ಹೊಗಳುವ ಮೊದಲು ಅದನ್ನು ಹೇಳಬೇಕು.

ಮುರಿದುಹೋದವರ ಕಥೆಯೂ ಇದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ. ಗಂಡ ಹೆಂಡತಿಗೆ ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿದೆ. ಅಪ್ಪನ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ, ಅವನಿಂದ ಬಿಡುಗಡೆ ಪಡೆದು ಬರಬೇಕು ಅನ್ನುವ ಕಟ್ಟಳೆ. ಅದನ್ನು ಅವಳಿಂದ ಒಪ್ಪಲಾಗುವುದಿಲ್ಲ. ಪ್ರಾಣ ಕಳೆದುಕೊಳ್ಳುತ್ತಾಳೆ. ಅವಳ ತಾಯಿಗೆ ಮಗಳ ಸಂಕಟ ಗೊತ್ತಿತ್ತು, ಆದರೆ ತಾಯಿಯ ಮಾತು ಆ ಮನೆಯಲ್ಲಿ ನಡೆಯುವುದಿಲ್ಲ. ಕೊನೆತನಕ ಉಳಿದ ಫಣಿಯಮ್ಮ ಗಟ್ಟಿಗಿತ್ತಿ ಅಂದರೆ ನಾದಿರಾ ಯಾರು? ದುರ್ಬಲಳಾ? ಹಾಗನ್ನಲು ನನಗೆ ಬಾಯಿ ಬರುವುದಿಲ್ಲ. ಅವಳನ್ನು ಹಿಡಿದು ನಿಲ್ಲಿಸುವ ಒಂದು ಕೈ ಅಲ್ಲಿರಲಿಲ್ಲ, ಅಷ್ಟೆ.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯಲ್ಲಿ ಆ ಕೈ ಇದೆ. ಈ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕಥೆಗಳ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಷ್ಟು ಸಂತೋಷಪಟ್ಟೆವು! ಆ ಸಂಕಲನದ ಹೆಸರೂ ಈ ಕಥೆಯದೇ. ಇದರ ಮೆಹರುನ್‌ಗೆ ಗಂಡ ಕೈಬಿಟ್ಟಿದ್ದಾನೆ. ಕೂಸನ್ನೆತ್ತಿಕೊಂಡು ತವರಿಗೆ ಹೋದರೆ, ತವರಿನವರು ಅವಳನ್ನು ಮತ್ತೆ ಅಲ್ಲಿಗೇ ತಂದು ಬಿಡುತ್ತಾರೆ. ಆ ರಾತ್ರಿ ಅವಳು ಬದುಕು ಸಾಕು ಅಂದುಕೊಂಡಾಗ ಮಗಳು ಸಲ್ಮಾ ಎಚ್ಚರವಾಗಿ ಓಡಿ ಬರುತ್ತಾಳೆ. ಅಮ್ಮನನ್ನು ತಬ್ಬಿ ಬೇಡಿಕೊಳ್ಳುತ್ತಾಳೆ. ಆ ಮನೆಯಲ್ಲಿ ಮೆಹರುನ್‌ನ ಮನಸ್ಸು ಕಂಡದ್ದು ಆ ಹುಡುಗಿಯೊಬ್ಬಳಿಗೆ.

ಮೊದಲ ಸಲ ಓದಿದಾಗ ಕೊನೆಗೆ ಅವಳು ಉಳಿದಳಲ್ಲ ಎಂದು ಸಮಾಧಾನವಾಗಿತ್ತು. ಇವತ್ತು ನನ್ನ ಗಮನವೆಲ್ಲ ಸಲ್ಮಾಳ ಮೇಲಿತ್ತು. ದೊಡ್ಡವರು ಎಷ್ಟೊಂದು ಜನ ಇದ್ದರು. ಬಂದದ್ದು ಒಂದು ಹುಡುಗಿ. ಆ ಭಾರ ಅವಳ ಹೆಗಲಿಗೆ ಬೀಳಬಾರದಿತ್ತು.

ಸಂಜೆ ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. “ಯಾಕೆ?” ಎಂದಳು. “ಆ ಮಾತು ನಾನೂ ಹೇಳಿದ್ದೀನಲ್ಲ” ಎಂದೆ. “ಬಿಡು, ನಿಂಗೆ ಹೇಳಿದ್ದಲ್ಲ” ಅಂದಳು. ಆದರೆ ನನಗೂ ಹೇಳಿದ್ದೇ ಅದು.

“ಒಂದೆರಡು ಪುಟ ಓದ್ಲಾ? ನೀನು ನಿಲ್ಲಿಸಿದ್ದಕ್ಕಿಂತ ಮುಂದಿಂದು” ಎಂದು ಕೇಳಿದೆ. ನನ್ನ ಹತ್ತಿರ ಹಳೆಯ ಪ್ರತಿ ಇನ್ನೊಂದಿತ್ತು. ಸ್ಪೀಕರ್ ಹಾಕಿಕೊಂಡು ಅವಳು ಕೂತಳು. ದಾಕ್ಷಾಯಣಿಯ ಭಾಗ ಪೂರ್ತಿ ಓದಿದೆ. ನಡುವೆ ಒಂದು ಮಾತೂ ಆಡಲಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡು “ಅಕ್ಕಾ?” ಎಂದೆ.

“ಇದ್ದೀನಿ, ಓದು.”

ಮುಗಿದ ಮೇಲೆ, “ಆ ಹುಡುಗಿಗೆ ಎಷ್ಟು ಧೈರ್ಯ ಬಂದಿರ್ಬೇಕು ಅಲ್ವಾ, ಆ ಅಜ್ಜಿ ಹಾಗಂದಾಗ” ಎಂದಳು. ಪುಸ್ತಕ ವಾಪಸ್ ಕೊಡೋದು ಸ್ವಲ್ಪ ದಿನ ಆಗುತ್ತೆ ಎಂದೂ ಹೇಳಿದಳು. ಮಕ್ಕಳ ಸುದ್ದಿ, ಮಂಡಿ ನೋವು, ಅದೂ ಇದೂ ಮಾತಾಡಿದೆವು. ಇಡುವ ಹೊತ್ತಿಗೆ ಅವಳು ಒಂದು ಕ್ಷಣ ತಡೆದಳು.

“ಮಂಗಳವಾರ ನಿಂಗೆ ರಜೆ ಹಾಕೋಕೆ ಆಗುತ್ತಾ? ಅವರ ಹೆಸರಲ್ಲಿದ್ದ ಖಾತೆದು ಇನ್ನೂ ಒಂದು ಕೆಲಸ ಬಾಕಿ ಇದೆ ಬ್ಯಾಂಕಲ್ಲಿ. ಏಳು ವರ್ಷದಿಂದ ಒಬ್ಬಳೇ ಓಡಾಡಿ ಓಡಾಡಿ ಸಾಕಾಗಿದೆ ಕಣೇ.”

ಬರ್ತೀನಿ ಎಂದೆ. ಬೆಳಿಗ್ಗೆ ಹತ್ತಕ್ಕೆ ಅವಳ ಮನೆಯಲ್ಲಿರಬೇಕು.