ಫಿಕ್ಸ್ ನಿಲ್ಲದ ಆ ಸಂಜೆ

2024ರ ಮಾರ್ಚ್, ಹೋಳಿ ಹುಣ್ಣಿಮೆ ಕಳೆದು ಎರಡು ದಿನ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೀಚ್ ಪ್ರೊಫೈಲ್, ಅಂದರೆ ದಡದಿಂದ ನೀರಿನವರೆಗಿನ ಮರಳಿನ ಏರಿಳಿತ, ಜಿಪಿಎಸ್ ಹಿಡಿದು ಅಳೆಯುತ್ತಿದ್ದೆವು. ನೀರು ಪೂರ್ತಿ ಇಳಿಯೋದೇ ಏಳರ ಮೇಲೆ. ಎರಡು ಲೈನ್ ಬಾಕಿ ಇತ್ತು.

ಏಳು ಐವತ್ತಕ್ಕೆ ಕಂಟ್ರೋಲರ್‌ನಲ್ಲಿ ಫಿಕ್ಸ್ (ಸೆಂಟಿಮೀಟರ್ ಲೆಕ್ಕದ ನಿಖರ ಸ್ಥಾನ) ಹೋಗಿ ಫ್ಲೋಟ್ (ಬರೀ ಅಂದಾಜು ಸ್ಥಾನ) ಬಂತು. ಹತ್ತು ಸೆಕೆಂಡಿಗೆ ಮತ್ತೆ ಫಿಕ್ಸ್, ಮತ್ತೆ ಫ್ಲೋಟ್. ನಿಂತಲ್ಲೇ ಎತ್ತರ ಅರ್ಧ ಮೀಟರ್ ಕುಣಿಯುತ್ತಿದೆ. ಪೋಲ್‌ನ ಮಟ್ಟ ತೋರಿಸುವ ಗುಳ್ಳೆ ಮಾತ್ರ ಸರಿಯಾಗಿ ನಡುವಲ್ಲಿದೆ. ತಲೆ ಮೇಲೆ ಒಂದು ಗಾಳಿಮರದ ಕೊಂಬೆಯೂ ಇಲ್ಲ.

ಬೇಸ್ ಅಂದರೆ ಒಂದೇ ಜಾಗದಲ್ಲಿ ನಿಂತು ನಮಗೆ ತಿದ್ದುಪಡಿ ಕಳಿಸುವ ರಿಸೀವರ್. ಅದರ ಹತ್ತಿರ ಕೂತಿದ್ದ ಹುಡುಗನಿಗೆ ಫೋನ್ ಮಾಡಿ ರೇಗಿದೆ. "ಕೇಬಲ್ ಎಳೆದೆಯೇನೋ?"

"ಇಲ್ಲ ಸರ್, ಬೆಳಿಗ್ಗೆಯಿಂದ ಮುಟ್ಟಿಲ್ಲ."

ನಂಬಲಿಲ್ಲ. ಕೇಬಲ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಬೇಸನ್ನೇ ಹೊಸದಾಗಿ ಹಾಕಿಸಿದೆ. ಮುಕ್ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ನೀರು ಏರತೊಡಗಿ ನಾನು ನಿಂತಿದ್ದ ಜಾಗವೇ ಮುಳುಗಿತು. ಮರುದಿನ ಆಫೀಸಿನಲ್ಲಿ ಕೇಳಿದ್ದು ಒಂದೇ, ಲೈನ್ ಯಾಕೆ ಉಳೀತು ಅಂತ. ನಾನು ಹುಡುಗನ ಹೆಸರು ಹೇಳಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಎರಡು ದಿನ ಬಿಟ್ಟು ರಾ ಲಾಗ್, ಅಂದರೆ ರಿಸೀವರ್ ಬರೆದಿಟ್ಟ ಕಚ್ಚಾ ದಾಖಲೆ, ತೆಗೆದು ನೋಡಿದೆ. ಕೇಬಲ್ ಕೆಟ್ಟಿದ್ದರೆ ಎಲ್ಲ ಸ್ಯಾಟಲೈಟ್‌ಗಳ ಸಿಗ್ನಲ್ಲೂ ಒಟ್ಟಿಗೆ ಬೀಳಬೇಕಲ್ವಾ? ಇಲ್ಲಿ ದಕ್ಷಿಣದ ಕಡೆಯ ಮೂರು ಮಾತ್ರ ಬಿದ್ದಿದ್ದವು. ಸಿಗ್ನಲ್ ಎಷ್ಟು ಗಟ್ಟಿ ಅಂತ ಹೇಳುವ ಎಸ್‌ಎನ್‌ಆರ್ 45 ಇದ್ದದ್ದು 28ಕ್ಕೆ ಇಳಿದು ಕ್ಷಣದಲ್ಲಿ ವಾಪಸ್. ಸ್ಯಾಟಲೈಟಿನ ಎರಡನೇ ಆವರ್ತನದ ಸಿಗ್ನಲ್ ಎಲ್‌2 ಅಂತೂ ಪದೇ ಪದೇ ಕಡಿದುಹೋಗಿತ್ತು.

ತಪ್ಪು ಕೇಬಲ್‌ನದಲ್ಲ, ಅಯಾನುಗೋಳದ್ದು, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರದ್ದು. ಸೂರ್ಯ ಮುಳುಗಿದ ಮೇಲೆ ಅದರ ಕೆಳಪದರ ಬೇಗ ಕರಗುತ್ತದೆ. ಅದೇ ಹೊತ್ತಿಗೆ ಮೇಲಿನ ಎಫ್ ಪದರವನ್ನು ಸಂಜೆಯ ವಿದ್ಯುತ್ ಕ್ಷೇತ್ರ ಇನ್ನೂ ಮೇಲಕ್ಕೆ ಎತ್ತುತ್ತದೆ. ಕೆಳಗೆ ತೆಳು, ಮೇಲೆ ದಟ್ಟ, ಹೀಗಾಗಿ ತೆಳುಭಾಗ ಗುಳ್ಳೆಯಾಗಿ ಮೇಲೇಳುತ್ತದೆ. ಇದು ಹುಟ್ಟುವುದು ಕಾಂತೀಯ ಸಮಭಾಜಕದ ಮೇಲೆ, ಅಂದರೆ ಭೂಮಿಯ ಕಾಂತರೇಖೆ ನೆಲಕ್ಕೆ ಸಮಾಂತರವಾಗಿರುವ ರೇಖೆಯ ಮೇಲೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿಂದ ರಾಕೆಟ್ ಹಾರಿಸಿದ್ದೂ ಆ ರೇಖೆ ಅಲ್ಲೇ ಹತ್ತಿರ ಇದೆ ಅಂತ. ಗುಳ್ಳೆ ಎತ್ತರಕ್ಕೆ ಹೋದಷ್ಟೂ ಕಾಂತರೇಖೆ ಹಿಡಿದು ಉತ್ತರಕ್ಕೆ, ನಮ್ಮ ಕಡೆಗೂ ಚಾಚುತ್ತದೆ. ಅದರೊಳಗಿನ ಏರುಪೇರು ದಾಟಿ ಬರುವ ಸಿಗ್ನಲ್, ಅಲೆಯಾಡುವ ನೀರಿನ ತಳದಲ್ಲಿ ಬಿಸಿಲು ನಡುಗುವ ಹಾಗೆ ನಡುಗುತ್ತದೆ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜಾಸ್ತಿ. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಇನ್ನೂ ಜಾಸ್ತಿ. 2024 ಅಂಥದ್ದೇ ವರ್ಷ.

ನಮ್ಮ ಕೈಪಿಡಿಯಲ್ಲಿ ಮರ, ಕಟ್ಟಡ, ಬ್ಯಾಟರಿ ನೋಡಿ ಅಂತಿದೆ. ಸಂಜೆಯ ಮಾತೇ ಇಲ್ಲ.

ಲಾಗ್ ಪ್ರಿಂಟ್ ತೆಗೆದು ಆಫೀಸಿಗೆ ಕೊಟ್ಟು, ಹುಡುಗನದ್ದು ತಪ್ಪಿಲ್ಲ ಅಂತ ಬರೆದುಕೊಟ್ಟೆ. ಅವನಿಗೆ ಎದುರು ಕೂತೇ ಹೇಳಿದೆ, "ತಪ್ಪು ನಂದು ಮಾರಾಯ." ಅವನು ಸುಮ್ನೆ ತಲೆಯಾಡಿಸಿದ. ಉಳಿದ ಎರಡು ಲೈನ್ ಮುಂದಿನ ವಾರ ಬೆಳಗಿನ ಇಳಿತದಲ್ಲಿ ತೆಗೆದೆವು. ಬೇಸ್ ಹತ್ತಿರ ಆವತ್ತೂ ಅವನೇ ಇದ್ದ, ಅದೇ ಹಳೇ ಕೇಬಲ್ ಹಾಕಿಕೊಂಡು.